ಹದಿನೇಳು ಮಿಲಿಮೀಟರ್ ನುಂಗಿದ ದಾರಿ

ನನಗೆ ಸಿಟ್ಟು ಬೇಗ ಬರುತ್ತದೆ. ತಪ್ಪು ನನ್ನದೇ ಆಗಿದ್ದರೆ ಇನ್ನೂ ಬೇಗ ಬರುತ್ತದೆ.

ಕುಂದಗೋಳದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಮನೆಯ ಪ್ಲ್ಯಾನು, ಹೊಲದ ನಕಾಶೆ ತೆಗೆದುಕೊಡುವುದು ನನ್ನ ಕೆಲಸ. ಕುಬಿಹಾಳದ ಅಣ್ಣತಮ್ಮಂದಿರಿಬ್ಬರು ಆರು ಎಕರೆ ಎರೆಹೊಲ ಪಾಲು ಮಾಡಿಕೊಳ್ಳುವವರಿದ್ದರು. ನಮ್ಮ ಕಡೆಯ ಹಿರಿಯರು ಹಾಕಿಕೊಟ್ಟ ಪದ್ಧತಿಯೊಂದಿದೆ: ಹಿರಿಯ ಪಾಲು ಮಾಡಬೇಕು, ಕಿರಿಯ ಆರಿಸಿಕೊಳ್ಳಬೇಕು. ತನಗೆ ಯಾವುದು ಉಳಿಯುತ್ತದೋ ಗೊತ್ತಿಲ್ಲದ ಹಿರಿಯ ಎರಡನ್ನೂ ಸರಿಸಮ ಮಾಡುತ್ತಾನೆ ಎಂಬ ಲೆಕ್ಕ. ಅಣ್ಣ ನನ್ನ ಬಾಜು ಕೂತು ಹೇಳಿ ಬರೆಸಿದರು. ರಸ್ತೆಗೆ ಹತ್ತಿದ್ದು ಮುಂದಿನ ಪಾಲು, ಹಳ್ಳಕ್ಕೆ ಹತ್ತಿದ್ದು ಹಿಂದಿನ ಪಾಲು. ಹಿಂದಿನದಕ್ಕೆ ಹೋಗಲು ಮುಂದಿನ ಪಾಲಿನ ಒಳಗೆ, ದಕ್ಷಿಣದ ಬದುವಿಗುಂಟ ಹನ್ನೆರಡು ಅಡಿಯ ಚಕ್ಕಡಿ ದಾರಿ. ಪಿಡಿಎಫ್ ಮಾಡಿ, ಎರಡು ಪ್ರತಿ ತೆಗೆದು, ನೋಡದೆಯೇ ಮಡಚಿ ಕೊಟ್ಟೆ. ಹೊರಗೆ ಇನ್ನಿಬ್ಬರು ಕಾಯುತ್ತಿದ್ದರು ಎಂಬುದು ನೆಪ. ನೋಡಬೇಕಿತ್ತು, ನೋಡಲಿಲ್ಲ.

ನಾಲ್ಕು ದಿನ ಬಿಟ್ಟು ಬೆಳಿಗ್ಗೆ ತಮ್ಮ ಬಂದ. ಬಂದವನೇ ಕಾಗದವನ್ನು ನನ್ನ ಟೇಬಲ್ಲಿನ ಮೇಲೆ ಹರವಿದ.

"ಅಕ್ಕಾರ, ಈ ಹಿಂದಿನ ಹೊಲಕ್ಕ ಹೆಂಗ ಹೋಗೂದ್ರಿ? ಹಾರಿ ಹೋಗೂದೇನು?"

ನೋಡಿದೆ. ಕಾಗದದಲ್ಲಿ ದಾರಿಯೇ ಇರಲಿಲ್ಲ.

"ಅಣ್ಣ ದಾರಿ ನುಂಗ್ಯಾನ್ರಿ. ನಿಮ್ಮ ಕೈಲೆ ನುಂಗಿಸ್ಯಾನ. ಮಾರಿ ಮ್ಯಾಲ ಕೇಳಿದೆ, ಕಳ್ಳ ಅಂದೆ, ಒಂದ ಮಾತ ಆಡವಲ್ಲ. ತಪ್ಪಿಲ್ಲದಾವ ಯಾಕ ಸುಮ್ನ ಇರ್ತಾನ್ರಿ? ಒಂದ ಮನ್ಯಾಗಿದ್ದು ನಾಕ ದಿನದಿಂದ ಮಾತಿಲ್ಲ."

"ನಾನ ಬರದೀನ್ರಿ ದಾರಿ!" ಎಂದು ರೇಗಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಗಿತ್ತು ನನ್ನ ದನಿ. ಕಂಪ್ಯೂಟರಿನಲ್ಲಿ ನಕಾಶೆ ತೆರೆದೆ. ದಾರಿ ಅಲ್ಲಿ ಇತ್ತು. ಹಾಗಾದರೆ ಪಿಡಿಎಫ್‌ಗೆ ಯಾಕೆ ಬರಲಿಲ್ಲ? ಪಿಡಿಎಫ್ ಮಾಡುವಾಗ ಕಾಗದದ ಅಂಚಿಗೆ ಖಾಲಿ ಬಿಡುವ ಮಾರ್ಜಿನ್ ನೋಡಿದೆ. ಮೇಲೆ ಕೆಳಗೆ ಹದಿನೇಳು ಮಿಲಿಮೀಟರ್ ಚಿಲ್ಲರೆ. ಅದು ನಾನು ಇಟ್ಟದ್ದಲ್ಲ, ಪ್ರೋಗ್ರಾಮಿನ ಜೊತೆಗೇ ಬಂದದ್ದು. ಆ ಅಂಚಿನೊಳಗೆ ಏನು ಬರೆದರೂ ಅಚ್ಚಾಗುವುದಿಲ್ಲ. ಅಳತೆಯ ಕೋಷ್ಟಕಕ್ಕೆ ಮೇಲೆ ಜಾಗ ಬೇಕೆಂದು ಹೊಲವನ್ನು ಕಾಗದದ ಕೆಳತುದಿಗೆ ಸರಿಸಿದವಳು ಮಾತ್ರ ನಾನೇ. ದಾರಿಗೆ ಎರಡು ಗೆರೆ: ಮೇಲಿನ ಗೆರೆ ಉಳಿದಿತ್ತು, ಬದುವಿನ ಕಡೆಯ ಗೆರೆ ಮಾರ್ಜಿನ್ನಿನ ಪಾಲಾಗಿತ್ತು. ಹೀಗಾಗಿ ಉಳಿದ ಗೆರೆಯೇ ಹೊಲದ ಗಡಿಯಂತೆ ಕಾಣುತ್ತಿತ್ತು.

ಮಾರ್ಜಿನ್ ಅನ್ನು ನನ್ನ ಪ್ರಿಂಟರಿಗೂ ಒಪ್ಪುವಂತೆ ಐದಕ್ಕೆ ಇಳಿಸಿ ಮತ್ತೆ ಪಿಡಿಎಫ್ ಮಾಡಿದೆ. ದಾರಿ ಬಂತು. ನಾನು ಗೆದ್ದವಳಂತೆ ಆತನ ಮುಖ ನೋಡಿದೆ.

"ಗುಂಡಿ ಒತ್ತಿದ್ರ ದಾರಿ ಹುಟ್ಟತೈತಿ," ಎಂದ ಆತ. "ಅಣ್ಣ ಹೇಳಿದ್ರ ಗುಂಡಿ ಒತ್ತಿ ಅಳಸ್ತೀರಿ. ಇದನ್ನ ಹೆಂಗ ನಂಬೂದ್ರಿ?"

ಅವನ ಮಾತಿನಲ್ಲಿ ನ್ಯಾಯವಿತ್ತು, ಅದೇ ನನಗೆ ಚುಚ್ಚಿದ್ದು. ನನ್ನ ಅವಸರದಿಂದ ಒಂದು ಮನೆ ಒಡೆಯುವುದು ಕಣ್ಣಿಗೆ ಕಟ್ಟಿತು. ಹೊಸ ಪ್ರತಿ ಕೈಯಲ್ಲಿ ಹಿಡಿದು, "ನಡೀರಿ, ನಿಮ್ಮ ಅಣ್ಣಾರ ಮುಂದನ ಹೇಳ್ತೀನಿ" ಎಂದು ಅವನ ಬೈಕಿನ ಹಿಂದೆ ಕೂತು ಕುಬಿಹಾಳಕ್ಕೆ ಹೋದೆ.

ಅಣ್ಣ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ತಪ್ಪೆಲ್ಲ ನನ್ನದೆಂದು ಹೇಳಿದೆ. ಮಾರ್ಜಿನ್ ಎಂದರೇನೆಂದು ಬಿಡಿಸಿ ಹೇಳಿದೆ. ಅಣ್ಣ ಕೇಳಿಸಿಕೊಂಡರು, ಹಗ್ಗ ಹೊಸೆಯುತ್ತಲೇ ಇದ್ದರು. ನನಗೆ ಅವರ ಮೇಲೂ ಸಿಟ್ಟು ಬಂತು. ಹೌದು, ದಾರಿ ನಾನೇ ಬರೆಸಿದ್ದೆ ಎಂದು ಒಂದು ಮಾತು ಹೇಳಿದರೆ ಗಂಟೇನು ಹೋಗುತ್ತದೆ?

ಅಷ್ಟರಲ್ಲಿ ತಮ್ಮನ ಹೆಂಡತಿ ಒಳಗಿನಿಂದ ನೀರು ತಂದಳು. ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುವವಳು ಆಕೆ. ಹಳೆಯ ಪ್ರತಿಯನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದಳು.

"ಏನ್ರಿ, ಇಲ್ಲೆ ನೋಡ್ರಿ. ಈ ಗೆರಿ ಕೆಳಗ ಇರಿವಿ ಸಾಲಿನಂಗ ಏನೋ ಅದಾವು. ಇವು ತಲಿಕಟ್ಟು ಅಲ್ರಿ?"

ಅವು ತಲೆಕಟ್ಟುಗಳೇ. ಎರಡು ಗೆರೆಗಳ ನಡುವೆ ನಾನು "ಚಕ್ಕಡಿ ದಾರಿ" ಎಂದು ಬರೆದಿದ್ದೆ. ಮಾರ್ಜಿನ್ ಅಕ್ಷರಗಳ ಮೈಯನ್ನಷ್ಟೇ ಕತ್ತರಿಸಿ ತಲೆಯನ್ನು ಬಿಟ್ಟಿತ್ತು. ಆಕೆ ಹಳೆಯ ಕಾಗದವನ್ನು ಹೊಸದರ ಮೇಲಿಟ್ಟು ಬಿಸಿಲಿಗೆ ಹಿಡಿದಳು. ತಲೆಕಟ್ಟಿನ ಮೇಲೆ ತಲೆಕಟ್ಟು ಸರಿಯಾಗಿ ಕೂತಿತು. ಮೊದಲ ದಿನದ ಕಾಗದದಲ್ಲೂ ದಾರಿ ಇತ್ತು. ನನಗೆ ಹೋದ ಜೀವ ಬಂದಂತಾಯಿತು. ಆಕೆ ತಂದ ನೀರನ್ನು ಗಟಗಟ ಕುಡಿದುಬಿಟ್ಟೆ.

ತಮ್ಮ ಎರಡೂ ಕಾಗದಗಳನ್ನು ತಾನೂ ಬಿಸಿಲಿಗೆ ಹಿಡಿದು ನೋಡಿದ. ಆಮೇಲೆ ಅಣ್ಣನ ಕಡೆ ತಿರುಗಿ, "ನನಗ ಹಿಂದಿನದ ಇರ್ಲಿ" ಎಂದ. ಅಣ್ಣನ ಹೊಲವನ್ನು ಹಾದೇ ಹೋಗಬೇಕಾದ ಪಾಲು ಅದು.

ಅಣ್ಣ ಹಗ್ಗ ಕೆಳಗಿಟ್ಟರು. "ಆರಿಸಿದಿ ಹೌದಿಲ್ಲೋ? ಈಗ ಮಾತಾಡ್ತೀನಿ. ಪಾಲ ಮಾಡಿದಾವ ಆರಿಸೂತನಕ ಬಾಯಿ ಬಿಡಬಾರದೋ ತಮ್ಮಾ. ಹಿಂದಿನದಕ್ಕ ದಾರಿ ಐತಿ ಅಂತ ಹೇಳಿದ್ರ, ನಾನ ನಿನ್ನ ಹಿಂದಕ್ಕ ನೂಕಿದಂಗ ಆಗ್ತಿತ್ತು."

"ನಾ ಕಳ್ಳ ಅಂದೆ ನಿನಗ."

"ಅಂದಿ," ಎಂದರು ಅಣ್ಣ. "ಕಳ್ಳ ಅನಿಸ್ಕೊಂಡ್ರ ನಾಕ ದಿನ. ಮೋಸ ಮಾಡಿ ಕೊಟ್ಟ ಅನಿಸ್ಕೊಂಡ್ರ ಜನ್ಮಪೂರ್ತಿ."

ತಮ್ಮ ಕಟ್ಟೆಯ ಮೇಲೆ ಅಣ್ಣನ ಪಕ್ಕ ಕೂತು, ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡ. ನಾನು ಕಣ್ಣೊರೆಸಿಕೊಂಡು ಕಾಗದ ಮಡಚಿದೆ. ಈ ಸಲ ತುದಿಯಿಂದ ತುದಿಗೆ ನೋಡಿಯೇ ಮಡಚಿದೆ.