ಕೇಳದೆಯೇ ತಂದ ಉತ್ತರ

ಸುಡಾನಿನ ಯುದ್ಧದಿಂದ ಜಟ್ಟೆಪ್ಪ ಜೀವಸಹಿತ ಬಂದಿಳಿದ ದಿನ ದಂಡೋತಿಯ ಅರ್ಧ ಊರು ವಾಡಿ ಸ್ಟೇಷನ್ನಿನಲ್ಲಿತ್ತು. ಯಾರೋ ಶಾಲು ಹೊದಿಸಿದರು. ಹೆಂಡತಿ ಚಂದ್ರಕಲಾ ಜನರೆದುರೇ ಅತ್ತಳು. ಆಮೇಲೆ ಹೋದಲ್ಲೆಲ್ಲ ಬಾಂಬಿನ ಕಥೆ ಕೇಳುವವರೇ. ಅವನು ಹೇಳುತ್ತಿದ್ದ. ಬಸ್ಸು ಹತ್ತಿದ ಸಂಗತಿಗೆ ಬಂದಾಗ ಮಾತ್ರ ಮಾತು ಕಡಿದು ಎದ್ದುಬಿಡುತ್ತಿದ್ದ.

ಜಟ್ಟೆಪ್ಪ ವೆಲ್ಡರ್. ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡಿಕೊಂಡಿದ್ದವನು ಶಹಾಬಾದಿನ ಗೆಳೆಯನೊಬ್ಬನ ಹಿಂದೆ ಹೋಗಿ ಖಾರ್ಟೂಮಿನ ಟೈಲ್ಸ್ ಕಾರ್ಖಾನೆ ಸೇರಿದ್ದ. ಅಲ್ಲಿ ಅವನ ಜೋಡಿ ಕೆಲಸಗಾರ ಇದ್ರೀಸ್, ಆ ಊರಿನವನೇ. ಅರಬ್ಬಿ ಕಲಿಸಿದವನೂ ಅವನೇ.

2023ರ ಏಪ್ರಿಲಿನಲ್ಲಿ ಎರಡು ಫೌಜುಗಳು ಊರ ನಡುವೆಯೇ ಹೊಡೆದಾಡತೊಡಗಿದವು. ಜಟ್ಟೆಪ್ಪನ ಖೋಲಿಯ ಗೋಡೆ ಕುಸಿಯಿತು. ಇದ್ರೀಸ್ ಬಂದು ಅವನನ್ನು ತನ್ನ ಮನೆಗೆ ಕರೆದೊಯ್ದ. ಇದ್ರೀಸನ ಹೆಂಡತಿ ಹವ್ವಾ ಹುಳಿಬಂದ ಜೋಳದ ಹಿಟ್ಟನ್ನು ದೋಸೆಯಂತೆ ತೆಳ್ಳಗೆ ಹುಯ್ದು ಮೊದಲು ಅವನ ತಟ್ಟೆಗೆ ಹಾಕುತ್ತಿದ್ದಳು. ಹಿಟ್ಟು ಮುಗಿಯುತ್ತ ಬಂದಂತೆ ತನ್ನ ಪಾಲನ್ನೂ ಅಲ್ಲಿಗೇ ಸರಿಸಿದಳು. ಗುಂಡಿನ ಸದ್ದಾದರೆ ಅವರ ಮಗಳು ಸಲ್ಮಾ, ಹನ್ನೊಂದು ವರ್ಷದವಳು, ಅವನ ಮಗ್ಗುಲಲ್ಲೇ ಮಂಚದ ಕೆಳಗೆ ತೂರುತ್ತಿದ್ದಳು.

ಹಿಂದೂಸ್ತಾನದ ಕೆಲಸಗಾರರನ್ನು ಪೋರ್ಟ್ ಸುಡಾನ್ ಬಂದರಿಗೆ ಒಯ್ಯಲು ಕಾರ್ಖಾನೆಯವರು ಬಾಡಿಗೆ ಬಸ್ಸು ತರಿಸಿದರು. ಇದ್ರೀಸ್ ಮಗಳನ್ನು ಕರೆದುಕೊಂಡು ಬಸ್ಸಿನ ತನಕ ಬಂದ. ಅವಳನ್ನು ದೂರ ನಿಲ್ಲಿಸಿ ಜಟ್ಟೆಪ್ಪನ ಎರಡೂ ಕೈ ಹಿಡಿದುಕೊಂಡ.

“ಬಂದರದಾಗ ನನ್ನ ತಂಗಿ ಇದ್ದಾಳ. ಇಕಿನ್ನ ಅಕಿ ಮನಿ ಮುಟ್ಟಸು. ನಾನು, ಹವ್ವಾ ಆಮ್ಯಾಲ ಹ್ಯಾಂಗರ ಬರ್ತೀವಿ. ಡ್ರೈವರ್‌ಗ ಒಂದ್ ಮಾತ್ ಕೇಳಿ ನೋಡು.”

ಜಟ್ಟೆಪ್ಪ ಬಸ್ಸನ್ನು ಬಳಸಿ ಆಚೆ ಬದಿಯ ಮುಂದಿನ ಬಾಗಿಲಿಗೆ ಹೋದ. ದಾರಿಯಲ್ಲಿ ಬಂದೂಕಿನವರು ತಡೆದು ಈ ಹುಡುಗಿ ಯಾರೆಂದರೆ? ತನ್ನನ್ನೇ ಇಳಿಸಿಬಿಟ್ಟರೆ? ಡ್ರೈವರ್ ಸಿಗರೇಟು ಸೇದುತ್ತ ಅಲ್ಲೇ ನಿಂತಿದ್ದ. ಅವನನ್ನು ಏನೂ ಕೇಳದೆ ಜಟ್ಟೆಪ್ಪ ತಿರುಗಿ ಬಂದ.

“ಜಾಗ ಇಲ್ಲಂತ,” ಎಂದ.

ಇದ್ರೀಸ್ ಅವನನ್ನು ತಬ್ಬಿ ಬೀಳ್ಕೊಟ್ಟು ಮಗಳೊಂದಿಗೆ ಮನೆಗೆ ತಿರುಗಿದ. ಬಸ್ಸು ಹೊರಡುವಾಗ ಡ್ರೈವರನ ಅಕ್ಕ ಮಕ್ಕಳನ್ನು ಕಟ್ಟಿಕೊಂಡು ಹತ್ತಿ ಹಿಂದೆ ಕೂತಳು. ಯಾರೂ ಅಡ್ಡಿ ಮಾಡಲಿಲ್ಲ. ಅವಳ ಪಕ್ಕದಲ್ಲಿ ಇನ್ನೂ ಜಾಗವಿತ್ತು.

ತಿಂಗಳುಗಳಾದ ಮೇಲೆ ಹವ್ವಾಳ ಫೋನು ಬಂತು. ಲಾರಿಯಲ್ಲಿ ದಕ್ಷಿಣದ ಗಡಿಗೆ ಹೋಗುವಾಗ ಬಂದೂಕಿನವರು ಇದ್ರೀಸನನ್ನು ಇಳಿಸಿಕೊಂಡಿದ್ದರು. ಅವನ ಪತ್ತೆಯಿಲ್ಲ. ತಾಯಿ ಮಗಳು ಗಡಿಯಾಚೆ ನಿರಾಶ್ರಿತರ ಶಿಬಿರದಲ್ಲಿದ್ದರು. ಪ್ಲಾಸ್ಟಿಕ್ ಹಾಳೆಯ ಗುಡಾರ, ಮಳೆ ಬಂದರೆ ಒಳಗೆಲ್ಲ ಕೆಸರು, ಕೊಡ ನೀರಿಗೆ ಬೆಳಗಿನಿಂದ ಪಾಳಿ. ಆಮೇಲೆ ಫೋನು ಮಾಡಿದಾಗಲೆಲ್ಲ ಇಷ್ಟೆಲ್ಲ ಹೇಳಿ ಕೊನೆಗೆ ಅವಳು ಅವನನ್ನೇ ಹರಸುವಳು: “ನೀ ಅಂತೂ ಕೇಳಿದಿ. ಅವ್ರು ಒಲ್ಲೆ ಅಂದ್ರು. ದೇವರು ನಿನ್ನ ಛಲೋ ಇಡಲಿ.”

ಅದನ್ನು ಕೇಳುತ್ತಲೇ ಅವನು ಏನಾದರೂ ನೆವ ಹೇಳಿ ಫೋನಿಡುತ್ತಿದ್ದ. ಒಂದು ದಿನ ಚಂದ್ರಕಲಾ ರೊಟ್ಟಿ ಬಡಿಯುವಾಗ ಎಲ್ಲ ಹೇಳಿಬಿಟ್ಟ. ಅವಳ ಕೈ ನಿಂತಿತು.

“ಒಂದ್ ಮಾತ್ ಕೇಳ್ಲಾಕ ನಿಮಗೇನಾಗಿತ್ರಿ?”

“ಅಂಜಿಕಿ.”

ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಅದನ್ನು ತೆಗೆದಿಟ್ಟು ಅವಳು ಮೆಲ್ಲಗೆ, “ಆ ತಾಯಿಗಿ ಹೇಳಬ್ಯಾಡ್ರಿ. ಇದ್ದ ಒಂದು ಸಮಾಧಾನ ಯಾಕ ಕಸಗೋತೀರಿ,” ಎಂದಳು. ಜಟ್ಟೆಪ್ಪನಿಗೆ ಜೀವ ಹಗುರಾಯಿತು. ಹಾಗೆ ಹಗುರಾದದ್ದಕ್ಕೇ ನಾಚಿಕೆಯೂ ಆಯಿತು.

ಈ ಮಳೆಗಾಲದಲ್ಲಿ, ಅವನು ಮತ್ತೆ ಸೇರಿದ್ದ ಸಿಮೆಂಟ್ ಕಾರ್ಖಾನೆಯ ಊಟದ ಬಿಡುವಿನಲ್ಲಿ, ಹವ್ವಾ ಮತ್ತೆ ಫೋನು ಮಾಡಿದಳು. “ಸಲ್ಮಾ ಅಪ್ಪನ ಹೆಸರೇ ಎತ್ತಗೊಡವಲ್ಲಳು. ಅಂವ ನನಗಾಗಿ ಸರೀಗೆ ಕೇಳೇ ಇಲ್ಲ, ಕಳಸೋ ಮನಸೇ ಇರಲಿಲ್ಲ ಅಂತಾಳ. ನೀನರ ಹೇಳು,” ಎಂದು ಫೋನನ್ನು ಮಗಳ ಕೈಗೆ ಕೊಟ್ಟಳು.

ಜಟ್ಟೆಪ್ಪ ಚಹಾ ಅಂಗಡಿಯಿಂದ ಆಚೆ ಬಂದು ಲಾರಿಯೊಂದರ ಮರೆಯಲ್ಲಿ ನಿಂತ.

“ಸಲ್ಮಾ, ನಿಮ್ಮಪ್ಪ ನನ್ನ ಕೈ ಹಿಡಕೊಂಡು ಬೇಡಿಕೊಂಡ. ನಾನೇ ಡ್ರೈವರ್‌ಗ ಕೇಳಲಿಲ್ಲ. ಅಂಜಿ ಸುಳ್ಳು ಹೇಳ್ದೆ. ಬಸ್ಸಿನಾಗ ಜಾಗ ಇತ್ತು.”

“ಅಪ್ಪ ಏನಂದಿದ್ದ?” ಎಂದಳು ಸಲ್ಮಾ.

ಹೇಳಿದ. ಇನ್ನೊಮ್ಮೆ ಹೇಳೆಂದಳು. ಮತ್ತೆ ಹೇಳಿದ. ಫೋನು ಕಡಿಯಿತು.

ಆಮೇಲೆ ಎಷ್ಟು ಸಲ ಮಾಡಿದರೂ ಹವ್ವಾ ಎತ್ತಲಿಲ್ಲ. ಕೆಲವು ವಾರಗಳ ನಂತರ ಸಲ್ಮಾಳ ದನಿಯಲ್ಲಿ ಒಂದು ಸಣ್ಣ ವಾಯ್ಸ್ ಮೆಸೇಜು ಬಂತು. ಚಂದ್ರಕಲಾಗೆ ಅರಬ್ಬಿ ಬಾರದು. ಜಟ್ಟೆಪ್ಪನೇ ತಿಳಿಸಿ ಹೇಳಿದ: “ನನ್ನ ಜೋಡಿ ಮಾತಾಡಬ್ಯಾಡಂತ ಅವ್ವ ಅಕಿಗಿ ಹೇಳ್ಯಾಳಂತ. ಈಗ ಅವ್ವ, ಮಗಳು ಕೂಡಿ ಅಪ್ಪನ ಸುದ್ದಿ ಮಾತಾಡ್ತಾರಂತ.”

“ಅಷ್ಟರ ಆತಲ್ಲ,” ಎಂದಳು ಚಂದ್ರಕಲಾ.

ಜಟ್ಟೆಪ್ಪ ಬೂಟು ಹಾಕಿಕೊಂಡು ಎರಡನೆಯ ಪಾಳಿಗೆ ಹೊರಟ.