ಚಿಕ್ಕಮ್ಮನ ಕಪಾಟಿನ ಪೇಟ

ನಾನು ಪ್ರಾಮಾಣಿಕಳು ಎನ್ನುವುದಕ್ಕೆ ನನ್ನ ಹತ್ತಿರ ಸರ್ಟಿಫಿಕೇಟ್ ಇದೆ. ತಮಾಷೆಯಲ್ಲ, ದಪ್ಪ ಕಾಗದದ ಮೇಲೆ ಚಿನ್ನದ ಬಣ್ಣದಲ್ಲಿ ಅಚ್ಚಾಗಿದೆ. ಜೊತೆಗೆ ಎದೆಗೆ ಚುಚ್ಚಿಕೊಳ್ಳಲು ಒಂದು ಪಿನ್ನು, ಕೊರಳಿಗೆ ಹಾಕಿಕೊಳ್ಳಲು ಒಂದು ಹಳದಿ ಹಗ್ಗ. ಮ್ಯಾಂಚೆಸ್ಟರಿನಲ್ಲಿ ಅಕೌಂಟಿಂಗ್ ಓದುತ್ತಿದ್ದ ಕೊನೆಯ ವರ್ಷ, ಒಳ್ಳೆಯ ಅಂಕ ತೆಗೆದವರನ್ನು ಮಾತ್ರ ಸೇರಿಸಿಕೊಂಡು, ಪ್ರಾಮಾಣಿಕತೆಯ ಪ್ರತಿಜ್ಞೆ ಮಾಡಿಸುವ ಗೌರವ ಸಂಘವೊಂದು ನನ್ನನ್ನು ಆರಿಸಿತು. ಆರಿಸಿದ ಪತ್ರದ ಎರಡನೆಯ ಸಾಲಿನಲ್ಲೇ ಶುಲ್ಕ ಎಷ್ಟೆಂದು ಬರೆದಿದ್ದರು. ಕೊರಳಿಗೆ ಹಗ್ಗ ಹಾಕಿಸಿಕೊಳ್ಳಲು ಕೈಯಿಂದ ದುಡ್ಡು ಕೊಡುವುದೂ ಗೌರವವೇ ಇರಬೇಕು ಎಂದುಕೊಂಡು ಕಟ್ಟಿದೆ.

ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದು ಹಗ್ಗವಲ್ಲ. ದೊಡ್ಡ ಆಡಿಟ್ ಕಂಪನಿಯೊಂದರ ಮುಖ್ಯಸ್ಥೆ ಸಮಾರಂಭಕ್ಕೆ ಬರುತ್ತಾರೆಂದು ಪತ್ರದಲ್ಲಿತ್ತು. ಅದೇ ಕಂಪನಿಗೆ ನಾನು ಕೆಲಸಕ್ಕೆ ಅರ್ಜಿ ಹಾಕಿದ್ದೆ. ಅವರ ಮುಂದೆ ಹೇಳಬೇಕಾದ ಎರಡು ವಾಕ್ಯಗಳನ್ನು ಫಾಲೋಫೀಲ್ಡಿನ ಬಾಡಿಗೆ ಕೋಣೆಯ ಕನ್ನಡಿ ಮುಂದೆ ಒಂದು ವಾರ ಅಭ್ಯಾಸ ಮಾಡಿದೆ. ಎರಡೂ ಬಹಳ ಸಹಜವಾಗಿದ್ದವು.

ಆದರೆ ಹತ್ತಿರದ ಊರಾದ ಮ್ಯಾಕಲ್ಸ್‌ಫೀಲ್ಡಿನಲ್ಲಿ ನನ್ನ ಚಿಕ್ಕಮ್ಮ ಇದ್ದರು. ಅಮ್ಮನ ತಂಗಿ. ನಾನು ಈ ದೇಶಕ್ಕೆ ಬಂದ ಮೊದಲ ಚಳಿಗಾಲ ಜ್ವರ ಬಂದು ಮಲಗಿದಾಗ, ಗಂಜಿಯ ಫ್ಲಾಸ್ಕ್ ಹಿಡಿದು ರೈಲು, ಬಸ್ಸು ಎಲ್ಲ ಹತ್ತಿ ಬಂದವರು. ಸುದ್ದಿ ಹೇಳಲು ಫೋನ್ ಮಾಡಿದೆ, ಮಾಡಬಾರದಿತ್ತು.

"ಅಬ್ಬ! ನಮ್ಮ ಕುಟುಂಬದಲ್ಲಿ ಯಾರಿಗೂ ಆಗದ್ದು!" ಎಂದು ಕಿರುಚಿದರು. "ಮತ್ತೆ ಶಾಲು ಯಾರು ಹೊದಿಸುವುದು?"

"ಶಾಲು ಗೀಲು ಎಂತ ಇಲ್ಲ ಚಿಕ್ಕಮ್ಮ. ಕೊರಳಿಗೆ ಒಂದು ಹಗ್ಗ ಹಾಕ್ತಾರೆ, ಅಷ್ಟೆ."

"ಹಗ್ಗವಾ? ದನಕ್ಕೆ ಹಾಕಿದ ಹಾಗೆ? ಅದೆಂತ ಸನ್ಮಾನ ಮಾರಾಯ್ತಿ! ನೀನು ಸುಮ್ಮನಿರು, ನಾನು ಪೇಟ ತರ್ತೇನೆ. ಹಣ್ಣಿನ ಬುಟ್ಟಿಯೂ ತರ್ತೇನೆ."

ಈ ಪೇಟದ ವಿಷಯ ಹೇಳಲೇಬೇಕು. ಸುತ್ತಲಿನ ಊರುಗಳ ಕನ್ನಡಿಗರು ಸೇರಿ ಮಾಡುವ ಕಾರ್ಯಕ್ರಮಗಳಿಗೆಂದು ತರಿಸಿದ ಮೈಸೂರು ಪೇಟ ಚಿಕ್ಕಮ್ಮನ ಕಪಾಟಿನಲ್ಲಿರುತ್ತದೆ. ಇರುವುದು ಒಂದೇ. ನಿವೃತ್ತರಾದ ಡಾಕ್ಟರಿಗೂ ಅದೇ, ಭರತನಾಟ್ಯ ಕಲಿಸುವವರಿಗೂ ಅದೇ. ತಲೆಗೆ ಇಟ್ಟು, ಫೋಟೊ ತೆಗೆದು, ಕಣ್ಣು ಮಿಟುಕಿಸುವುದರೊಳಗೆ ಚಿಕ್ಕಮ್ಮ ಅದನ್ನು ವಾಪಸ್ ತೆಗೆದುಕೊಳ್ಳುತ್ತಾರೆ. ಪೇಟವಿಲ್ಲದ್ದು ಸನ್ಮಾನವೇ ಅಲ್ಲ ಎನ್ನುವುದು ಅವರ ದೃಢವಾದ ಅಭಿಪ್ರಾಯ.

ನನ್ನ ಕಣ್ಣ ಮುಂದೆ ಎಲ್ಲವೂ ನಡೆದುಹೋಯಿತು. ಆಡಿಟ್ ಕಂಪನಿಯ ಮುಖ್ಯಸ್ಥೆ ನನ್ನ ಕೈ ಕುಲುಕುತ್ತಿದ್ದಾರೆ, ಹಿಂದಿನಿಂದ ರೇಷ್ಮೆ ಸೀರೆ, ಮೇಲೆ ದಪ್ಪ ಜಾಕೆಟ್, ಕಾಲಿಗೆ ಸ್ನೀಕರ್ಸ್ ಹಾಕಿದ ಚಿಕ್ಕಮ್ಮ ಅನಾನಸು ಸಮೇತ ವೇದಿಕೆ ಹತ್ತುತ್ತಿದ್ದಾರೆ.

"ಹೊರಗಿನವರನ್ನು ಬಿಡುವುದಿಲ್ಲ ಚಿಕ್ಕಮ್ಮ," ಎಂದೆ. "ಸ್ಟೂಡೆಂಟ್ಸ್ ಮಾತ್ರ."

"ಹಾಗಾ? ಇರ್ಲಿ ಬಿಡು. ಅವರ ಪದ್ಧತಿ ಅವರಿಗೆ," ಎಂದರು. "ಮರುದಿನ ಇಲ್ಲಿಗೇ ಬಾ."

ಪತ್ರದಲ್ಲಿ ಪ್ರತಿ ವಿದ್ಯಾರ್ಥಿಗೂ ಇಬ್ಬರು ಅತಿಥಿಗಳಿಗೆ ಅವಕಾಶವೆಂದು ಬರೆದಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಐಶ್ವರ್ಯ ಬರುವ ಮೊದಲೇ ಕೊಡೆ ಬಿಚ್ಚಿಯಾಗಿತ್ತು.

ಸಮಾರಂಭ ಶುಕ್ರವಾರ ಮಧ್ಯಾಹ್ನ. ನನ್ನ ಪಕ್ಕದ ಎರಡು ಕುರ್ಚಿಗಳ ಮೇಲೆ 'ಅತಿಥಿ' ಎಂದು ಚೀಟಿ ಅಂಟಿಸಿದ್ದರು. ಒಂದರಲ್ಲಿ ನನ್ನ ಕೋಟನ್ನೂ ಇನ್ನೊಂದರಲ್ಲಿ ಚೀಲವನ್ನೂ ಕೂರಿಸಿದೆ. ಜ್ಞಾನದ ಜ್ಯೋತಿ ಎಂದು ಪ್ರತಿಯೊಬ್ಬರ ಕೈಗೂ ಮೇಣದ ಬತ್ತಿ ಕೊಟ್ಟರು. ಬೆಂಕಿ ಅಲಾರಂ ಹೊಡೆಯಬಾರದಲ್ಲ, ಅದಕ್ಕೇ ಬ್ಯಾಟರಿಯದು. ನನ್ನದು ಹತ್ತಲಿಲ್ಲ. ಹತ್ತದ ಬತ್ತಿ ಹಿಡಿದುಕೊಂಡೇ ಎಲ್ಲರ ಜೊತೆ ಪ್ರತಿಜ್ಞೆ ಮಾಡಿದೆ: ಸುಳ್ಳು ಹೇಳುವುದಿಲ್ಲ, ನನ್ನ ಲಾಭಕ್ಕಾಗಿ ಸತ್ಯವನ್ನು ಮುಚ್ಚಿಡುವುದಿಲ್ಲ. ಧ್ವನಿ ಚೆನ್ನಾಗಿಯೇ ಬಂತು.

ಮುಖ್ಯಸ್ಥೆಯವರು ಐದು ನಿಮಿಷ ಮಾತಾಡಿ, ಎರಡು ಸಾಸೇಜ್ ರೋಲ್ ತಿಂದು, ಹೆಸರು ಕರೆಯುವ ಮೊದಲೇ ರೈಲಿಗೆ ತಡವಾಯಿತೆಂದು ಹೊರಟುಹೋದರು. ನನ್ನ ಎರಡು ವಾಕ್ಯಗಳು ಇವತ್ತಿಗೂ ಹೊಸದಾಗಿಯೇ ಇವೆ. ಸುತ್ತಲೂ ಅಪ್ಪ ಅಮ್ಮಂದಿರು, ಅಜ್ಜಿಯರು ಫೋಟೊ ತೆಗೆಯುತ್ತಿದ್ದರು. ನನ್ನ ಫೋಟೊವನ್ನು ಹಾಲ್ ಗುಡಿಸಲು ಬಂದವನು ತೆಗೆದುಕೊಟ್ಟ, ಅರ್ಧ ತಲೆ ಬಂದಿದೆ. ಚಿಕ್ಕಮ್ಮ ಬಂದಿದ್ದರೆ ಎಂದು ಆಗ ಅನಿಸಿತು.

ಶನಿವಾರ ಮ್ಯಾಕಲ್ಸ್‌ಫೀಲ್ಡಿಗೆ ಹೋದರೆ ಬಾಗಿಲಲ್ಲೇ ರಂಗೋಲಿ. ಸೋಫಾದ ಮುಂದೆ ಕುರ್ಚಿ ಹಾಕಿ ನನ್ನನ್ನು ಕೂರಿಸಿದರು. ಪಿನ್ನನ್ನು ಚಿಕ್ಕಮ್ಮನೇ ನನ್ನ ಎದೆಗೆ ಚುಚ್ಚಿದರು. ಶಾಲು ಬಂತು, ಹಾರ ಬಂತು, ಬುಟ್ಟಿಯಲ್ಲಿ ಅನಾನಸು ಬಂತು, ಕೊನೆಗೆ ಪೇಟ. ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿಯನ್ನು ಚಪ್ಪಾಳೆ ತಟ್ಟಲೆಂದೇ ಕರೆದಿದ್ದರು. ಆಕೆ ತಟ್ಟಿ, ಫೋಟೊ ತೆಗೆದುಕೊಟ್ಟು, ಲಾಡು ಕಟ್ಟಿಸಿಕೊಂಡು ಹೋದರು.

ಅಷ್ಟರಲ್ಲಿ ಚಿಕ್ಕಪ್ಪ ನನ್ನ ಸರ್ಟಿಫಿಕೇಟಿನ ಫೋಲ್ಡರ್ ಬಿಚ್ಚಿದ್ದರು. ಅವರು ಔಷಧಿ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ, ಮಾತ್ರೆ ಡಬ್ಬಿಯೊಳಗಿನ ಮಡಚಿದ ಕಾಗದಗಳಲ್ಲಿ ತಪ್ಪಿದೆಯೇ ಎಂದು ಪರೀಕ್ಷಿಸುವವರು. ಕೈಗೆ ಸಿಕ್ಕಿದ ಕಾಗದ ಓದದೆ ಬಿಟ್ಟವರಲ್ಲ. ಫೋಲ್ಡರಿನಲ್ಲಿ ಆಹ್ವಾನ ಪತ್ರವೂ ಇತ್ತು. ಬುದ್ಧಿವಂತೆ ನಾನು, ತೆಗೆದಿಡಲು ಮರೆತಿದ್ದೆ.

ಜೋರಾಗಿ ಓದುತ್ತಾ ಹೋದವರು ತಟ್ಟನೆ ನಿಧಾನವಾದರು. "ಪ್ರತಿ ವಿದ್ಯಾರ್ಥಿಗೂ ಇಬ್ಬರು ಅತಿಥಿಗಳಿಗೆ..." ಎಂದು ನಿಲ್ಲಿಸಿದರು.

ಚಿಕ್ಕಮ್ಮನ ಕೈ ನನ್ನ ಹೆಗಲ ಮೇಲಿನ ಶಾಲು ಸರಿಮಾಡುತ್ತಿತ್ತು. ಅದು ನಿಲ್ಲಲಿಲ್ಲ.

"ಅದು ಪ್ರಿಂಟಿನವರ ತಪ್ಪಿರ್ಬೇಕು," ಎಂದರು ಚಿಕ್ಕಪ್ಪನಿಗೆ. "ಇಲ್ಲದಿದ್ರೆ ಮಗು ನಮ್ಮನ್ನು ಕರೆಯದೆ ಇರ್ತಿತ್ತಾ?"

ಚಿಕ್ಕಪ್ಪ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಮತ್ತೆ ಕಾಗದ ನೋಡಿದರು. ಆಮೇಲೆ ಅದನ್ನು ಇದ್ದ ಮಡಿಕೆಯಲ್ಲೇ ಮಡಚಿ ಒಳಗಿಟ್ಟರು.

"ಹೌದು," ಎಂದರು. "ತಪ್ಪು ಪ್ರಿಂಟು."

ನಾನು ಬಾಯಿ ಬಿಡಲಿಲ್ಲ. ಪ್ರತಿಜ್ಞೆ ಮಾಡಿ ಇಪ್ಪತ್ತನಾಲ್ಕು ಗಂಟೆ ಆಗಿರಲಿಲ್ಲ. ತಲೆ ತಗ್ಗಿಸಿದರೆ ಪೇಟ ಬೀಳುತ್ತದೆ, ಎತ್ತಿದರೆ ಚಿಕ್ಕಮ್ಮನ ಮುಖ ಕಾಣುತ್ತದೆ. ಫೋಟೊ ಆಗಿತ್ತಲ್ಲ ಎಂದು ಪೇಟ ತೆಗೆದುಕೊಡಲು ಕೈ ಎತ್ತಿದೆ. ಚಿಕ್ಕಮ್ಮ ನನ್ನ ಕೈ ಹಿಡಿದು ಕೆಳಗಿಳಿಸಿದರು.

"ಇರ್ಲಿ, ಇಟ್ಕೊ," ಎಂದರು. "ನೀನೆಂತ ಹೊರಗಿನವಳಾ?"