ಪರದೆ ಹಿಡಿದವಳ ಫೋಟೋ

ಬರಗಾಲದ್ದೋ ಗಣಿಯದ್ದೋ, ಪತ್ರಿಕೆಯಲ್ಲಿ ಯಾವ ಛಾಯಾಚಿತ್ರ ಬಂದರೂ ನಾನು ಮೊದಲು ಅದರ ಅಂಚುಗಳನ್ನು ನೋಡುತ್ತೇನೆ. ನಡುವೆ ಇರುವವರನ್ನು ನೋಡಲು ಉಳಿದವರೆಲ್ಲ ಇದ್ದಾರೆ. ಈ ಅಭ್ಯಾಸ ಹತ್ತಿದ್ದು ಕಂಪ್ಲಿಯಲ್ಲಿ, ನನ್ನ ಚಿಕ್ಕಂದಿನಲ್ಲಿ, ತಾತ ಫೋಟೋ ತೆಗೆಸಿಕೊಂಡ ದಿನ.

ತಾತನದು ಅಕ್ಕಿ ವ್ಯಾಪಾರ. ಕಲೆಕ್ಟರ ಕಚೇರಿಯಲ್ಲಿ ದೊರೆಗಳ ಫೋಟೋ ನೋಡಿ ಬಂದ ಮೇಲೆ ಅವರಿಗೆ ನಮ್ಮ ಪಡಸಾಲೆಯ ಗೋಡೆ ಬೋಳಾಗಿ ಕಂಡಿತು. ಹೊಸಪೇಟೆಯಿಂದ ಫೋಟೋದವನನ್ನು ಕರೆಸಿದರು. ಬಂದವನೇ ಅವನು, “ಕಣ್ಣಿಗೆ ಕಾಣದ್ದೂ ಈ ಮಿಷನ್ನಿಗೆ ಕಾಣತೈತ್ರಿ” ಎಂದು ಕೊಚ್ಚಿಕೊಂಡ. ಗಾಡಿಯಿಂದ ಕ್ಯಾಮೆರಾದ ಜೊತೆಗೆ ಬಣ್ಣದ ಪರದೆಯೊಂದು ಇಳಿಯಿತು. ಬಿಚ್ಚಿದರೆ ಬಿಳಿ ಕಂಬಗಳ ಬಂಗಲೆ, ಮುಂದೆ ಕೊಳ, ಕೊಳದಲ್ಲಿ ಹಂಸ. ಕಂಬಗಳು ಹಂಪಿಯಲ್ಲೂ ಬೇಕಾದಷ್ಟಿದ್ದವು. ಆದರೆ ಅವು ಮುರಿದಿದ್ದವು. ತಾತನಿಗೆ ಮುರಿದದ್ದು ಬೇಕಿರಲಿಲ್ಲ.

ಬೆಳಕಿಗಾಗಿ ಅಂಗಳದಲ್ಲಿ ಕುರ್ಚಿ ಹಾಕಿದರು. ತಾತ ರುಮಾಲು ಸುತ್ತಿ, ನಡೆಯದ ಗಡಿಯಾರದ ಸರಪಳಿ ಇಳಿಬಿಟ್ಟು, ತಮಗೆ ಓದಲು ಬಾರದ ಇಂಗ್ಲಿಷ್ ಪುಸ್ತಕವನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡರು. ಅಷ್ಟರಲ್ಲಿ ಹೊಳೆಯ ಕಡೆಯಿಂದ ಗಾಳಿ ಬೀಸಿ ಬಂಗಲೆ ಪಟಪಟ ಬಡಿದುಕೊಂಡಿತು.

“ಪರದೆ ಹಿಡಿಯಾಕ ಹಿಂದ ಯಾರನ್ನರ ನಿಂದರಸ್ರಿ, ಸಾವ್ಕಾರ್ರ,” ಎಂದ ಫೋಟೋದವನು.

ನಮ್ಮಲ್ಲಿ ಅಕ್ಕಿ ಕೇರುತ್ತಿದ್ದ ಹೆಂಗಸನ್ನು ಕರೆದರು. ಅವಳು ಮೊರ ಕೆಳಗಿಟ್ಟು, ಒಳಗೆ ಹೋಗಿ, ಮುಖ ತೊಳೆದು, ತಲೆ ಬಾಚಿ, ಕುಂಕುಮ ತಿದ್ದಿಕೊಂಡು ಬಂದಳು.

“ಪರದೆ ಹಿಡಿಯಾಕ ಇಷ್ಟು ಸಿಂಗಾರ ಯಾಕಬೇ?” ಎಂದು ಅಜ್ಜಿ ನಕ್ಕರು.

“ಮಗಳು ಸಂಡೂರಿಗೆ ಹೊಂಟಾಳ್ರಿ, ಗಂಡನ ಮನಿಗೆ. ನನ್ನ ಮಾರಿ ಒಂದು ಆಕಿ ಹತ್ರ ಇರಲಿ ಅಂತ. ಈ ಮಿಷನ್ನಿಗೆ ಎಲ್ಲಾ ಕಾಣತೈತಂತಲ್ರಿ.”

ಫೋಟೋದವನು ಕೇಳಿಸಿಕೊಂಡ. ಇಲ್ಲ ಎನ್ನಲಿಲ್ಲ. ಎಂದಿದ್ದರೆ ಪರದೆ ಹಿಡಿಯುವವರು ಯಾರು?

ನಾನು ಹಿಂದೆ ಹೋಗಿ ನೋಡಿದೆ. ಅವಳು ಎರಡೂ ಕೈ ಮೇಲೆತ್ತಿ, ಬಂಗಲೆಯ ಬಣ್ಣವಿಲ್ಲದ ಬೆನ್ನಿಗೆ ಮುಖ ಕೊಟ್ಟು, ಮೆಲ್ಲಗೆ ನಗುತ್ತಿದ್ದಳು. “ಉಸುರು ಬಿಗಿ ಹಿಡೀರಿ,” ಎಂದು ಫೋಟೋದವನು ತಾತನಿಗೆ ಹೇಳಿದಾಗ ಅವಳೂ ಹಿಡಿದಳು.

ಕೆಲವು ದಿನಗಳ ಮೇಲೆ ಫೋಟೋದವನೇ ಫೋಟೋ ತಂದ. ತಾತ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಈ ಹಂಸಕ್ಕ ಮನುಷ್ಯಾರ ಕಾಲು ಬಂದಾವಲ್ಲೋ,” ಎಂದರು.

ಪರದೆಯ ಕೆಳಗೆ ಎರಡು ಬರಿಗಾಲು, ಮೇಲಿನ ಅಂಚಿನಲ್ಲಿ ಸಾಲಾಗಿ ಬೆರಳು. ಕತ್ತರಿ ತರಿಸಿ ಕೆಳಗಿನ ಪಟ್ಟಿಯನ್ನು ಕತ್ತರಿಸಿದರು. ತಾತನ ಚಪ್ಪಲಿಯ ತುದಿಯೂ ಹೋಯಿತು. ಅಷ್ಟನ್ನು ಅವರು ಸಹಿಸಿಕೊಂಡರು. ಮೇಲಿನದನ್ನು ಕತ್ತರಿಸಿದರೆ ರುಮಾಲೂ ಹೋಗುತ್ತಿತ್ತು. ಹಾಗಾಗಿ ಬೆರಳುಗಳು ಉಳಿದವು. ಬಂದವರು ಕೇಳಿದರೆ, ಅದು ಬಂಗಲೆಯ ಕೆತ್ತನೆ ಎಂದು ತಾತ ಕೊನೆಯವರೆಗೂ ಹೇಳುತ್ತಿದ್ದರು.

ಪರದೆ ಹಿಡಿದಿದ್ದವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಬಗ್ಗಿ ನೋಡಿದಳು. “ನಾ ಎಲ್ಲದೀನ್ರಿ?”

“ಪರದೆ ಅರಿವಿ ಸ್ವಲ್ಪ ದಪ್ಪ ಇತ್ತು,” ಎಂದ ಫೋಟೋದವನು.

ಅವಳು ನೆಲದ ಮೇಲೆ ಬಿದ್ದಿದ್ದ ಪಟ್ಟಿಯನ್ನು ಎತ್ತಿಕೊಂಡಳು. “ಇದನ್ನ ಒಯ್ಯಲೇನ್ರಿ?”

“ಒಯ್ಯಿ, ಒಯ್ಯಿ. ನಿನಗ ಯಾವತ್ತರ ಇಲ್ಲ ಅಂದೀನೇನು?” ಎಂದರು ತಾತ. ಆ ದಿನವೆಲ್ಲ ಅವರು ದಾನ ಮಾಡಿದವರ ಹಾಗೆ ಸಮಾಧಾನವಾಗಿದ್ದರು.

ಮಗಳು ಹೊರಟಾಗ ನಮ್ಮ ಮನೆಯ ಮುಂದೆಯೇ ಗಾಡಿ ನಿಂತಿತ್ತು. ತಾಯಿ ಆ ಪಟ್ಟಿಯನ್ನು ಅವಳ ಕೈಗೆ ಕೊಟ್ಟಳು. ಮಗಳು ನೋಡಿದಳು. ಯಾರ ಕಾಲೆಂದು ಕೇಳಲಿಲ್ಲ. ಪಟ್ಟಿಯಲ್ಲಿದ್ದ ಪಾದಗಳ ಮೇಲೆ ತೌಡಿನ ಧೂಳು ಬೆಳ್ಳಗೆ ಕೂತಿತ್ತು.

“ಯವ್ವಾ, ಮಾರಿ ತೊಳಕಂಡಿ. ಕಾಲು ತೊಳಕೊಳ್ಳಾಕ ಏನಾಗಿತ್ತು ನಿನಗ?” ಎಂದಳು.

ಹಾಗೆಂದು ಪಟ್ಟಿಯನ್ನು ಕುಪ್ಪಸದೊಳಗೆ ಇಟ್ಟುಕೊಂಡಳು. ಗಾಡಿ ಹೊರಟಿತು. ತಾಯಿ ಅಲ್ಲೇ ನಿಂತು ತನ್ನ ಕಾಲುಗಳನ್ನು ನೋಡಿಕೊಂಡಳು.